ಮೂರು ಬೆರಳಿನ ಮಡಿಕೆ

ಆ ದಿನದ ಮೊದಲ ಗಿರಾಕಿ ದೊಡ್ಡಕ್ಕನ ಮೇಜು ದಾಟಿಕೊಂಡು ಸೀದಾ ಹೊಸಬಳ ಹತ್ತಿರ ಹೋದಳು. "ನೀನೇ ಅಳತೆ ತಗೋಮ್ಮ, ನಿನ್ನ ಕೈಲಿ ಚೆನ್ನಾಗಿ ಕೂರುತ್ತೆ."

ದೊಡ್ಡಕ್ಕ ಕೈಲಿದ್ದ ಅಳತೆ ಟೇಪನ್ನು ಮೇಜಿನ ಮೇಲೆ ಎಸೆದಳು. ಈ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಇಪ್ಪತ್ತೆರಡು ವರ್ಷದಿಂದ ಅವಳದು. ಹೊಸಬಳು ಬಂದು ನಾಲ್ಕೇ ತಿಂಗಳು. ಕತ್ತರಿಸುವ ಮೇಜು ಇನ್ನು ಒಂದೇ ಸಾಕು, ಅದು ಯಾರಿಗೆಂದು ಶನಿವಾರ ಹೇಳುತ್ತೇನೆ ಎಂದಿದ್ದರು ಮಾಲೀಕರು.

"ಅಕ್ಕಾ ಅಕ್ಕಾ ಅಂತಾನೇ ನನ್ನ ಬುಡಕ್ಕೆ ಕೈ ಹಾಕ್ತಾಳೆ ನೋಡು," ಎಂದು ಗೊಣಗಿದಳು.

ಗುಂಡಿ ಹೊಲಿಯುವ ಅಜ್ಜಿ ತಲೆ ಎತ್ತಲಿಲ್ಲ. "ನಿನ್ನ ಹೊಟ್ಟೆಯುರಿ ಇರೋವಾಗ ಇಸ್ತ್ರಿಪೆಟ್ಟಿಗೆಗೆ ಕರೆಂಟ್ ಯಾಕೆ ಬಿಡು."

ಮಧ್ಯಾಹ್ನ ಹೊಸಬಳು ಶಾಲೆಯ ಲಂಗಗಳ ಬಟ್ಟೆಯನ್ನು ನಲವತ್ತು ಪದರ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದಳು. ಮಕ್ಕಳ ಬಟ್ಟೆಗೆ ಅಂಚಿನಲ್ಲಿ ಮೂರು ಬೆರಳು ಹೆಚ್ಚು ಬಿಟ್ಟು ಒಳಗೆ ಮಡಿಸಬೇಕು, ಮಗು ಬೆಳೆದಾಗ ಬಿಚ್ಚಿ ಇಳಿಸಲು. ಹಿಂದೆ ಬರೀ ಗಂಡಸರ ಕೋಟು ಕತ್ತರಿಸಿದ್ದವಳಿಗೆ ಅದು ಹೊಳೆಯಲೇ ಇಲ್ಲ. ದೊಡ್ಡಕ್ಕ ನೋಡಿದಳು. ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮೇಜು ತನಗೇ ಉಳಿಯುತ್ತಿತ್ತು.

ಎಂಟನೇ ವಯಸ್ಸಿನಲ್ಲಿ ಅವಳು ಬಾಯಿ ಮುಚ್ಚಿಕೊಂಡಿದ್ದಳು. ತಾಯಿಯಿಲ್ಲದ ಪಕ್ಕದ ಮನೆ ಹುಡುಗಿ ಗುಬ್ಬಿಗೆ ಇವಳ ಅಮ್ಮನೇ ಲಂಗ ಹೊಲಿದಿದ್ದಳು. ಗುಬ್ಬಿಯ ಲಂಗಕ್ಕೆ ಮೂರು ಬೆರಳಿನ ಮಡಿಕೆ, ಸ್ವಂತ ಮಗಳದ್ದಕ್ಕೆ ಎರಡು. ಸಹಿಸಲಾಗದೆ ಬ್ಲೇಡು ತಂದು ಗುಬ್ಬಿಯ ಮಡಿಕೆಯನ್ನು ಒಳಗಿನಿಂದ ಕತ್ತರಿಸಿ ಒಲೆಗೆ ಹಾಕಿದ್ದಳು. ಮರುವರ್ಷ ಗುಬ್ಬಿ ಉದ್ದವಾದಳು, ಲಂಗ ಇಳಿಯಲಿಲ್ಲ. ತರಗತಿಯೆಲ್ಲ ನಕ್ಕಿತು. ಗುಬ್ಬಿ ಯಾರನ್ನೂ ದೂರಲಿಲ್ಲ. ಇವಳ ಕಿವಿಯಲ್ಲಿ ಕೇಳಿದ್ದು ಇಷ್ಟೇ: "ಸಾಲಲ್ಲಿ ನನ್ನ ಮುಂದೆ ನಿಂತ್ಕೋತೀಯಾ? ಮೊಣಕಾಲು ಕಾಣಲ್ಲ." ವರ್ಷವಿಡೀ ಇವಳು ಮುಂದೆ ನಿಂತಳು. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಹೊಸಬಳು ಬಟ್ಟೆ ಕತ್ತರಿಸುವ ಯಂತ್ರ ಎತ್ತಿದಳು.

"ಏಯ್, ಇಡೇ ಕೆಳಗೆ!" ದೊಡ್ಡಕ್ಕ ಕೂಗಿದಳು. "ಆ ಮಕ್ಕಳೇನು ಗೊಂಬೆಗಳಾ, ಬೆಳೆಯೋದೇ ಬೇಡ್ವಾ?"

ಗೆರೆ ನೋಡಿ ಹೊಸಬಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ನೀವಿಲ್ದಿದ್ರೆ ನನ್ನ ಕಥೆ ಮುಗೀತಿತ್ತು."

"ಗೊತ್ತು. ಹಲ್ಲು ಕಿಸೀಬೇಡ, ಗೆರೆ ಅಳಿಸು."

ಶನಿವಾರ ಮಾಲೀಕರು ಮೇಜನ್ನು ಹೊಸಬಳಿಗೆ ಕೊಟ್ಟರು. ಸೋಮವಾರದಿಂದ ದೊಡ್ಡಕ್ಕ ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ ಕೂತಳು. ಹೊಸಬಳು ಕತ್ತರಿಸಿ ಕಳಿಸಿದ ಪ್ರತಿ ಲಂಗದ ಅಂಚಿಗೂ ಮೂರು ಬೆರಳಿಟ್ಟು ನೋಡಿ, ಆಮೇಲೇ ಮಡಿಸಿ ಹೊಲಿದಳು.