ಮಾನ್ವಿ ಬಸ್ಸಿನ್ಯಾಗ ಇಂಗ್ಲೆಂಡಿನ ದೊರಿ

ನನಗೊಂದು ಚಟ ಅದ. ರಾಯಚೂರು ಸ್ಟೇಷನ್ ಹತ್ರ ಹಳೇ ಪುಸ್ತಕದ ರಾಶ್ಯಾಗ ಕೈ ಹಾಕಿ, ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಪ್ರೇಮದ ಕಾದಂಬರಿ ಹುಡುಕೋದು. ದೊರಿ, ಸಾರೋಟು, ಕುಣಿತದ ಮಹಲು, ಮರ್ಯಾದಸ್ತ ಹುಡುಗಿ. ಮಾನ್ವಿ ಹೈಸ್ಕೂಲಿನ್ಯಾಗ ಇಂಗ್ಲಿಷ್ ಕಲಿಸಾಕಿ ನಾನು. ಯಾರರ ಕೇಳಿದ್ರ 'ಭಾಷಾ ಸುಧಾರಿಸ್ತದ್ರೀ' ಅಂತೀನಿ. ಸುಳ್ಳು. ಖುಷಿಗೇ ಓದ್ತೀನಿ.

ಓದಿದ್ದನ್ನ ದಿನಾ ಮುಂಜಾನಿ ರಾಯಚೂರಿಂದ ಮಾನ್ವಿಗೆ ಹೋಗೋ ಬಸ್ಸಿನ್ಯಾಗ ಕನ್ನಡದಾಗ ಹೇಳಬೇಕು. ಕೇಳಾಕ ಮೂರು ಮಂದಿ: ಒಬ್ಬಾಕಿ ನರ್ಸ್, ಒಬ್ಬಾಕಿ ತಹಶೀಲ್ ಕಚೇರಿ ಕ್ಲರ್ಕ್, ಇನ್ನೊಬ್ಬಾಕಿ ಮಾನ್ವ್ಯಾಗ ಬಳಿ ಮಾರೋ ಮುದುಕಿ. ಹೆಣ್ಮಕ್ಕಳಿಗೆ ಬಸ್ಸೂ ಫ್ರೀ, ನನ್ನ ಕಥಿನೂ ಫ್ರೀ.

ಫ್ರೀ ಅಂತ ಸುಮ್ಮನೆ ಕೇಳ್ತಾರೇನು? ನರ್ಸಿಗೆ ಸಣ್ಣ ಕಥಿಗಳ ಸಂಕಲನ ಅಂದ್ರ ಪ್ರಾಣ. ಮಾನ್ವಿ ಬರೋದ್ರಾಗ ಒಂದು ಮುಗೀತದ, ಡ್ಯೂಟಿ ಮ್ಯಾಲ ತಲಿ ತಿನ್ನಂಗಿಲ್ಲ. ಕ್ಲರ್ಕಿಗೆ ಅದು ಸೇರಂಗಿಲ್ಲ. 'ಒಂದು ಪುಸ್ತಕ ಐದು ಮಂದಿ ಬರದಾರ, ಐದರಾಗೂ ಕ್ರಿಸ್‌ಮಸ್, ಐದರಾಗೂ ಹುಡುಗಿ ಕಾಲು ಉಳುಕಿಸ್ಕೋತಾಳ! ಪರಿಚಯ ಆಗೋದ್ರಾಗ ಲಗ್ನ. ಕಾದಂಬರಿನ ಹೇಳ್ರಿ ಮೇಡಂ.' ಅದಕ್ಕ ನರ್ಸ್, 'ಕಾದಂಬರ್ಯಾಗ ಮುನ್ನೂರು ಪುಟ ಕಾದ್ರ ಕೈ ಹಿಡಿತಾನ, ಅಷ್ಟ!' ಅಂತಾಳ. ಅಯ್ಯ, ಬರೇ ಕೈ ಹಿಡಿತಾನ ಅಂತ ಅಲ್ಲೇನ್ರಿ ನನಗ ಬಸ್ಸಿನ್ಯಾಗ ಜೋರಾಗಿ ಹೇಳಾಕ ಬರೋದು?

ಮುದುಕಿ ಪ್ರಶ್ನಿ ಬ್ಯಾರೆ. 'ಆ ದೊರಿ ಕೆಲಸ ಏನು ಮಾಡ್ತಾನ?'

'ಏನಿಲ್ಲ ಬೇ ಯವ್ವಾ, ಭೂಮಿ ಅದ.'

'ಕಳಿ ಯಾರು ತಗೀತಾರ?'

ನಮ್ಮೂರು ಹಿರೇಕೊಟ್ನೆಕಲ್ಲಿನ ಗದ್ದ್ಯಾಗ ಕಳಿ ತೆಗೆದು ನನ್ನ ಓದಿಸಿದಾಕಿ ನಮ್ಮವ್ವ. ಇಷ್ಟು ಪುಸ್ತಕ ಓದಿದ ನನಗ ಈ ಪ್ರಶ್ನಿ ಹೊಳೀಲಿಲ್ಲಲ್ಲ ಅಂತ ನನ್ನ ಮ್ಯಾಲ ನನಗ ಸಿಟ್ಟು ಬಂತು.

ಹೋದ ವರ್ಷ ಒಂದು ವಾರ ನನ್ನ ಕಥಿನ ಹದಗೆಟ್ಟಿತ್ತು. ನಮ್ಮ ಸಾಲಿ ವಿಜ್ಞಾನದ ಮಾಸ್ತರು, ಹೆಂಡತಿ ತೀರಿಕೊಂಡು ಭಾಳ ವರ್ಷ ಆದವರು, 'ಮದುವಿ ಆಗೋಣೇನ್ರಿ?' ಅಂತ ಕೇಳಿಬಿಟ್ಟಿದ್ರು. ಅವರಿಗೆ ದೇವದುರ್ಗಕ್ಕ ವರ್ಗ ಆಗಿತ್ತು. ಶನಿವಾರ ನಮ್ಮ ಸಾಲ್ಯಾಗ ಅವರ ಕಡೀ ದಿನ, ಅಷ್ಟರಾಗ ನಾ ಉತ್ತರ ಹೇಳಬೇಕು. ನನಗ ಮೂವತ್ತೇಳು. ನನ್ನ ಕೋಣಿ, ನನ್ನ ಪುಸ್ತಕ, ನನ್ನ ನಿದ್ದಿ ಅಂತ ಇದ್ದಾಕಿ. ಈ ವಯಸ್ಸಿನ್ಯಾಗ ಬಾಸಿಂಗ ಕಟ್ಟಿಕೊಂಡ್ರ ಮಂದಿ ನಗ್ತಾರ ಅನ್ನೋ ಹೆದರಿಕಿ ಬ್ಯಾರೆ. ಬ್ಯಾಡ ಅನ್ನಾಕೂ ಮನಸ್ಸಿಲ್ಲ.

ಹಿಂಗಾಗಿ ಬಸ್ಸಿನವರನ್ನ ಕೇಳಿದೆ, ಕಥಿ ನೆವ ಮಾಡಿ. ಕಾದಂಬರ್ಯಾಗ ಸ್ವಂತ ಆಸ್ತಿ ಇದ್ದ, ವಯಸ್ಸು ಮೀರಿದ ಹುಡುಗಿ, ಹೆಂಡತಿ ಸತ್ತ ದೊರಿ. ಅವ ಕೇಳ್ಯಾನ, ಮಂದಿ ನಗ್ತಾರ ಅಂತ ಹೆದರಿ ಆಕಿ ಇನ್ನೂ ಬಾಯಿ ಬಿಟ್ಟಿಲ್ಲ. ಏನನ್ನಬೇಕು ಆಕಿ? ಮೂರು ದಿನ ಜಗಳಾಡಿದ್ರು. 'ಹೂಂ ಅನ್ನಲಿ' ಅಂತ ನರ್ಸ್. 'ಆಸ್ತಿ ಇದ್ದಾಕಿಗೆ ಯಾಕ ಬೇಕ್ರಿ ತಲಿನೋವು?' ಅಂತ ಕ್ಲರ್ಕ್.

ಶನಿವಾರ ಬಸ್ಸು ಕಲ್ಮಲಾ ಊರು ದಾಟಿತ್ತು. ದೊರಿ ಎಷ್ಟು ಒಳ್ಳೆಯವ ಅಂತ ತಿಳೀಲಿ ಅಂತ, 'ಸಂಗೀತ ಕಛೇರಿಗೆ ಅವ ಮೊದಲ ಬಂದು, ಕಿಟಕ್ಯಾಗಿಂದ ಕರ್ಚೀಫ್ ಒಗದು ಆಕಿಗೆ ಸೀಟು ಹಿಡಿದಿದ್ದ' ಅಂದೆ.

ಕ್ಲರ್ಕ್ ನನ್ನ ಮಾರಿ ನೋಡಿದ್ಲು. 'ಲಂಡನ್ನಿನ್ಯಾಗೂ ಕರ್ಚೀಫ್ ಒಗೀತಾರೇನ್ರಿ?'

ದಿನಾ ಸಂಜಿಕೆ ಮಾನ್ವಿ ಬಸ್‌ಸ್ಟ್ಯಾಂಡಿನ್ಯಾಗ ಹಂಗ ನನಗ ಸೀಟು ಹಿಡಿಯೋರು ಆ ಮಾಸ್ತರು. ಇವರೆಲ್ಲಾ ನೋಡಿದವರ! ನಾಲಗಿ ಕಚ್ಚಿಕೊಂಡೆ. ನರ್ಸ್ ನಕ್ಕು ನಕ್ಕು ನನ್ನ ಮ್ಯಾಲ ಬಿದ್ಲು. 'ನಗ್ತೀವ್ರೀ, ಖರೇ. ಮದುವಿಗೆ ಬಂದು ನಗ್ತೀವಿ.'

ಮುದುಕಿ ಮಾತ್ರ ನಗಲಿಲ್ಲ. 'ಅಲ್ಲ ಯವ್ವಾ, ಬ್ಯಾಡ ಅನ್ನೋದಿದ್ರ ಯಾರರ ಮೂರು ದಿನ ಮಂದಿನ್ನ ಕೇಳ್ತಾರೇನು? ನಿನಗ ಹೂಂ ಅನ್ನಾಕ ಧೈರ್ಯ ಬೇಕಾಗ್ಯದ. ತಗೋ, ನಾ ಅದೀನಿ' ಅಂತ ನನ್ನ ಕೈ ಗಟ್ಟಿ ಹಿಡಕೊಂಡ್ಲು. ನನಗ ಅಳುನ ಬಂತು.

ಸಾಲಿ ಗೇಟಿನ ಹತ್ರ ಮಾಸ್ತರು ಒಬ್ಬರ ನಿಂತಿದ್ರು. ಹುಡುಗರು ಪ್ರಾರ್ಥನಾಕ್ಕ ಸಾಲು ಹಚ್ಚಾಕತ್ತಿದ್ರು.

'ಹೂಂ' ಅಂದೆ. 'ಆದ್ರ ಭಾಳ ಹೆದರಿಕಿ ಅದ್ರೀ ನನಗ.'

ಅವರು ಕನ್ನಡಕ ತೆಗೆದ್ರು, ಒರೆಸಿದ್ರು, ಮತ್ತ ಹಾಕ್ಕೊಂಡ್ರು. 'ನೀವು ಬ್ಯಾಡ ಅಂದ್ರ ಸುಮ್ಮನ ದೇವದುರ್ಗಕ್ಕ ಹೋಗಿಬಿಡೋದು ಅಂತ ಮಾಡಿದ್ದೆ' ಅಂದ್ರು. 'ಹೂಂ ಅಂದ್ರ ಮುಂದೇನು ಅಂತ ವಿಚಾರನ ಮಾಡಿಲ್ಲ ನೋಡ್ರಿ.'