ಬೋನ್ ಡ್ರೈ ಮೆಣಸು

ಎರಡು ಟನ್ ಕಾಳುಮೆಣಸು, ಕೆಜಿಗೆ ಹದಿನೈದು ರೂಪಾಯಿಯಂತೆ ಮೂವತ್ತು ಸಾವಿರ ಲಾಭದ ವ್ಯಾಪಾರ. ಕೊಚ್ಚಿಯ ಕಂಪನಿಗೆ ಮಾಲಿನ ವಿವರದಲ್ಲಿ ಇಂಗ್ಲಿಷಿನಲ್ಲಿ ‘ವೆರಿ ಡ್ರೈ’ ಎಂದು ಬರೆದು ಕಳಿಸಿದ್ದೆ. ಅವರ ಖರೀದಿಯವನು ಫೋನ್ ಮಾಡಿದ.

“ಸಾಹುಕಾರ್ರೇ, ವೆರಿ ವೆರಿ ಅಂತ ಎಲ್ಲರೂ ಬರೀತಾರೆ, ಮೇಲಿನವರು ಓದೋದೇ ಇಲ್ಲ. ‘ಬೋನ್ ಡ್ರೈ’ ಅಂತ ಬರೀರಿ, ಒಂದೇ ಏಟಿಗೆ ಪಾಸಾಗುತ್ತೆ.”

ಹಾಗೇ ಬರೆದೆ, ಪಾಸೂ ಆಯಿತು. ಕಕ್ಕಬೆಯ ಬೆಳೆಗಾರರಿಗೆ ನಗದು ಕೊಟ್ಟು ಮಾಲು ತಂದು ನಾಪೋಕ್ಲಿನ ಗೋದಾಮಿಗೆ ಹಾಕಿದೆ. ಲಾರಿಯೊಂದಿಗೆ ಅವನೇ ಬಂದ. ಚೀಲದಿಂದ ಒಂದು ಹಿಡಿ ತೆಗೆದು ತೇವ ಅಳೆಯುವ ಮೀಟರಿಗೆ ಸುರಿದ. ಹನ್ನೊಂದು ಪರ್ಸೆಂಟ್.

“ಇದಕ್ಕಿಂತ ಒಣಗಿದ ಮೆಣಸು ಎಲ್ಲಿದೆ ಮಾರಾಯ?” ಎಂದೆ.

“ವೆರಿ ಡ್ರೈ ಅಂದಿದ್ರೆ ಹನ್ನೊಂದು ಸರಿಯೇ. ನೀವು ಮೂಳೆಯಷ್ಟು ಒಣಗಿದೆ ಅಂತ ಬರೆದು ಕೊಟ್ಟಿದ್ದೀರಿ. ಮೂಳೇಲಿ ನೀರಿರುತ್ತಾ? ಕೆಜಿಗೆ ಹತ್ತು ರೂಪಾಯಿ ಇಳಿಸಿ.”

“ಬರೆಸಿದ್ದು ನೀನಲ್ವಾ?”

“ಸಹಿ ನಿಮ್ಮದಲ್ವಾ?”

ಆ ವಾರ ಮೆಣಸಿನ ದರ ದಿನಾ ಇಳಿಯುತ್ತಿತ್ತು. ಲಾರಿ ಖಾಲಿ ಕಳಿಸಿದ್ದರೆ ಕೈಯಿಂದಲೇ ದುಡ್ಡು ಹೋಗುತ್ತಿತ್ತು. ಒಪ್ಪಿಕೊಂಡೆ.

ಈಗ ಯಾರು ಏನೇ ಹೇಳಲಿ, ವೆರಿ ಡ್ರೈ ಅಂತಲೇ ಬರೆಯುತ್ತೇನೆ. ಆ ಸವಕಲು ಪದದೊಳಗೆ ಒಂದೆರಡು ಪರ್ಸೆಂಟ್ ತೇವಕ್ಕೆ ಜಾಗವಿದೆ. ಆ ಸಲ ಹಮಾಲಿ, ಚೀಲ, ಬಡ್ಡಿ ಎಲ್ಲ ಕಳೆದು ನನಗೆ ಉಳಿದದ್ದು ಎರಡು ಸಾವಿರದ ಮುನ್ನೂರು ರೂಪಾಯಿ.