ಅಮ್ಮನ ಕಿವಿಯಲ್ಲಿ ಬಳೆ ಸದ್ದು

ಅಮ್ಮನದು ಬಳೆ ವ್ಯಾಪಾರ. ಬುಟ್ಟಿ ಹೊತ್ತು ಬಿಳೂರ, ಅಸಂಗಿ, ಮುಚ್ಚಂಡಿ ಸುತ್ತುತ್ತಿದ್ದಳು. ಯಾವ ಹೆಣ್ಣುಮಗಳ ಕೈಗೂ ಬಳೆ ಏರಿಸುವ ಮೊದಲು ಎರಡು ಬಳೆ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಾಕಿಸುವಳು. ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಕಣ್ಣಿಗೆ ಕಾಣದ ಬಿರುಕೂ ಅವಳ ಕಿವಿಗೆ ಸಿಗುತ್ತಿತ್ತು. ಆ ಕಿವಿಯ ಬಗ್ಗೆ ಅವಳಿಗೆ ಸ್ವಲ್ಪ ಸೊಕ್ಕೂ ಇತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಬೇಸಿಗೆ ಅವಳಿಗೆ ಜ್ವರ ಬಂತು, ಬಿಡಲೇ ಇಲ್ಲ. ಎರಡು ವಾರ ತಲೆನೋವು, ವಾಂತಿ. ಆಮೇಲೆ ಕುತ್ತಿಗೆ ಸೆಟೆಯಿತು. ನನ್ನನ್ನೇ ನೀನು ಯಾರು ಎಂದು ಕೇಳಿದಳು. ಜೀಪು ಮಾಡಿಕೊಂಡು ಮಿರಜದ ದೊಡ್ಡ ಆಸ್ಪತ್ರೆಗೆ ಒಯ್ದೆವು. ಬೆನ್ನಿನಿಂದ ನೀರು ತೆಗೆದು ನೋಡಬೇಕು ಎಂದು ಡಾಕ್ಟರು ಹೇಳಿದರೆ, ಆ ನೀರು ಹೋದರೆ ಕಾಲು ಸ್ವಾಧೀನ ತಪ್ಪುತ್ತವೆ ಎಂದು ಅಪ್ಪ ಹಟ ಹಿಡಿದ. ಒಂದು ದಿನ ಅದರಲ್ಲೇ ಹೋಯಿತು. ಕಡೆಗೆ ಅಳುತ್ತ ಹೆಬ್ಬೆಟ್ಟು ಒತ್ತಿದ. ಟಿಬಿ ಮಿದುಳಿನ ಪೊರೆಗೆ ತಗುಲಿತ್ತು.

ಇಪ್ಪತ್ತು ದಿನಕ್ಕೆ ಎಚ್ಚರ ಬಂತು, ಮನೆಗೆ ಕಳಿಸಿದರು. ವರ್ಷಕ್ಕೂ ಹೆಚ್ಚು ಕಾಲ ಗುಳಿಗೆ, ಎರಡು ತಿಂಗಳು ದಿನಾ ಇಂಜೆಕ್ಷನ್. ಡಾಕ್ಟರು ಹೇಳಿದ್ದು ಮರಾಠಿಯಲ್ಲಿ. ಮರಾಠಿ ಸಾಲಿ ಕಲಿತ ಜಾಣೆ, ಶ್ಯಾಣ್ಯಾ ಮಗಳು ನಾನು, ಎಲ್ಲವನ್ನೂ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ: ಇಂಜೆಕ್ಷನ್ ಒಂದು ದಿನವೂ ತಪ್ಪಬಾರದು, ಕಿವಿಯಲ್ಲಿ ಸದ್ದು ಬಂದರೆ, ತಲೆ ತಿರುಗಿದರೆ ತಕ್ಷಣ ಕರೆತರಬೇಕು. ಮೊದಲನೆಯದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡೆವು. ಊರಿನ ನರ್ಸಬಾಯಿ ಬರುವುದು ತಡವಾದರೆ ನಾನೇ ಅವಳ ಮನೆಗೆ ಓಡುತ್ತಿದ್ದೆ.

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು ಹೇಳಿದಳು: "ಕಿವ್ಯಾಗ ಬಳಿ ಬಡದಾಡಿದಂಗ ಆಗತೈತಿ."

ನಾವು ನಕ್ಕೆವು. ಅಯ್ಯೋ, ಎಂಥ ನಗು ಅದು! ವ್ಯಾಪಾರ ನೆನಪಾಯಿತು, ಇನ್ನು ಇವಳು ಬದುಕಿದಳು ಬಿಡು ಎಂದು ಅಪ್ಪ ಚೇಷ್ಟೆ ಮಾಡಿದ. ನಾನಂತೂ ಖುಷಿಯಲ್ಲಿ ಅಟ್ಟದಿಂದ ಬುಟ್ಟಿ ಇಳಿಸಿ ಅವಳ ಪಕ್ಕದಲ್ಲಿಟ್ಟೆ. ಓಲಾಡುತ್ತ ನಡೆದರೆ ಅಶಕ್ತತನ ಎಂದೆವು. ಕರೆದಾಗ ತಿರುಗದಿದ್ದರೆ ಜ್ವರದ ಮಂಪರು ಎಂದೆವು. ಇಂಜೆಕ್ಷನ್ ಮಾತ್ರ ಒಂದೂ ತಪ್ಪಿಸಲಿಲ್ಲ.

ಒಂದು ಮಧ್ಯಾಹ್ನ ಅವಳು ಬುಟ್ಟಿಯಿಂದ ಎರಡು ಬಳೆ ತೆಗೆದು ತಾಕಿಸಿದಳು. ಇನ್ನೊಮ್ಮೆ ತಾಕಿಸಿದಳು. ಮೂರನೆಯ ಸಲ ಜೋರಾಗಿ ಬಡಿದಳು, ಒಂದು ಚೂರಾಯಿತು. ನನ್ನ ಮುಖ ನೋಡಿ, "ಸಪ್ಪಳ ಎಲ್ಲಿ ಹೋತು?" ಎಂದಳು. ನಾನು ಬಗ್ಗಿ ಚೂರು ಆರಿಸತೊಡಗಿದೆ. ಏನು ಹೇಳಿದ್ದರೂ ಅವಳಿಗೆ ಕೇಳುತ್ತಿರಲಿಲ್ಲ.

ಕಿವಿ ತಿಂದದ್ದು ಆ ಇಂಜೆಕ್ಷನ್ನೇ ಎಂದು ಮಿರಜದಲ್ಲಿ ಡಾಕ್ಟರು ಅದನ್ನು ನಿಲ್ಲಿಸಿದರು. ಜೀವಕ್ಕೆ ಭಯವಿಲ್ಲ, ಹೋದ ಕಿವಿ ಮಾತ್ರ ಬರುವುದಿಲ್ಲ ಎಂದರು. ಸದ್ದು ಯಾವಾಗ ಶುರುವಾಯಿತು ಎಂದು ಕೇಳಿದರು, ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನನ್ನ ಮೇಲಿನ ನನ್ನ ಸಿಟ್ಟಾದರೂ ಒಂದಿಷ್ಟು ಇಳಿಯುತ್ತಿತ್ತು.

ತಿರುಗಿ ಬರುವ ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಿದ್ದಳು. ಅವಳಿಗೆ ಓದಲು ಬರದು, ಬರೆದು ತೋರಿಸುವಂತಿಲ್ಲ. ಡಾಕ್ಟರು ಏನೆಂದರು ಎಂದು ಕೂಗಿ ಕೂಗಿ ಕೇಳುತ್ತಿದ್ದಳು. ತನ್ನ ದನಿ ಎಷ್ಟು ಏರಿದೆ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ಅಪ್ಪ ತಲೆ ತಗ್ಗಿಸಿ ಕೂತ.

"ಕಿವಿ ಲಗೂನ ಚಲೋ ಆಗತಾವಂತ?"

ನಾನು ತಲೆ ಆಡಿಸಿಬಿಟ್ಟೆ, ಹೌದೆಂದು.

ಅಮ್ಮನ ಮುಖ ಅರಳಿತು. ಮುಂದಿನ ಸೀಟಿನಲ್ಲಿ ಅವಳಿಂದ ಬಳೆ ಇಡಿಸಿಕೊಳ್ಳುವ ಮುಚ್ಚಂಡಿಯ ಹೆಂಗಸೊಬ್ಬಳಿದ್ದಳು. ಅಮ್ಮ ಅವಳ ಭುಜ ತಟ್ಟಿ, ಬರುವ ತಿಂಗಳು ಬುಟ್ಟಿ ತರುತ್ತೇನೆ, ಅಲ್ಲಿಯವರೆಗೆ ಬೇರೆ ಯಾರ ಕಡೆಯೂ ಬಳೆ ಇಡಿಸಿಕೊಳ್ಳಬೇಡ ಎಂದು ಕೂಗಿ ಹೇಳಿದಳು.